ಅಕ್ಕಿಯಲ್ಲಿ ಬರೆದ ಹೆಸರು

ಖಾಂಡೇನವಮಿಯ ದಿನ ಚೌಗುಲೆಯವರ ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಚಕ್ಕುಲಿ ಒತ್ತುವ ಹಿತ್ತಾಳೆಯ ಒರಳು, ಎರಡು ದೊಡ್ಡ ಬಾಣಲೆ, ತಕ್ಕಡಿ, ಸಯಾಜಿಯ ಟೆಂಪೋದ ಕೀಲಿಕೈ ಎಲ್ಲ ಮೈ ತೊಳೆಸಿಕೊಂಡು ಮಣೆಯ ಮೇಲೆ ಸಾಲಾಗಿ ಕೂತಿದ್ದವು. ಈ ಸಾಲಿನಲ್ಲಿ ಹನ್ನೊಂದು ವರ್ಷದಿಂದ ಉಜ್ವಲಾಳ ಲ್ಯಾಪ್‌ಟಾಪಿಗೂ ಒಂದು ಜಾಗ ಇತ್ತು. ಈ ಸಲ ಆ ಜಾಗದಲ್ಲಿ ಮೈದುನ ರಣಧೀರನ ಹೊಸ ಲ್ಯಾಪ್‌ಟಾಪು ಚೆಂಡುಹೂವಿನ ಮಾಲೆ ಹಾಕಿಕೊಂಡು ಮದುಮಗನ ಗತ್ತಿನಲ್ಲಿ ಕೂತಿತ್ತು.

ಆರತಿ ತಟ್ಟೆ ಹಿಡಿದು ಬಂದ ಉಜ್ವಲಾ ಬಾಗಿಲಲ್ಲೇ ನಿಂತಳು.

"ನಂದೆಲ್ಲಿ?"

"ಮಂಚದ ಕೆಳಗ ಇಟ್ಟೇನಿ ವಹಿನಿ," ಎಂದ ರಣಧೀರ, ತನ್ನದಕ್ಕೆ ಇನ್ನೊಂದು ಹೂವು ಸಿಕ್ಕಿಸುತ್ತ. "ಅದೇನ ಇನ್ನ ದುಡಿಯೂ ಸಾಮಾನ? ಪೆನ್ಶನ್ ಕೊಟ್ಟುಬಿಡ್ರಿ ಅದಕ್ಕ."

ಸಯಾಜಿ ನಕ್ಕ. ಮೈದುನನ ಮಾತಿಗಿಂತ ಗಂಡನ ಆ ನಗು ಅವಳಿಗೆ ಹೆಚ್ಚು ಚುಚ್ಚಿತು.

"ಹೊತ್ತಾಗತೈತಿ, ಆರತಿ ಎತ್ತು," ಎಂದಳು ಅತ್ತೆ ಹೌಸಾಬಾಯಿ.

ಉಜ್ವಲಾ ಎತ್ತಿದಳು. ತನ್ನ ಜಾಗ ಕಿತ್ತುಕೊಂಡ ಪೆಟ್ಟಿಗೆಗೆ ಕುಂಕುಮ ಇಟ್ಟು, ಅಕ್ಷತೆ ಹಾಕಿ, ಕೈ ಮುಗಿದಳು. ಕೈ ಮುಗಿಯುವಾಗ ಜನ ಏನಾದರೂ ಬೇಡಿಕೊಳ್ಳುತ್ತಾರೆ. ಅವಳು ಬೇಡಿಕೊಂಡದ್ದು ಒಂದೇ: ಇವನು ಇದಕ್ಕೆ ಬೆಲೆ ತೆರಬೇಕು, ಅದೂ ನನ್ನ ಕಣ್ಣೆದುರಿಗೇ.

ಕೊಲ್ಹಾಪುರದ ಶಿವಾಜಿ ಪೇಟೆಯಲ್ಲಿ ಹೌಸಾಬಾಯಿಯ ದೀಪಾವಳಿ ಫರಾಳವೆಂದರೆ ಮೊದಲಿನಿಂದಲೂ ಹೆಸರು. ಚಕ್ಕುಲಿ, ಕರಂಜಿ, ಶಂಕರಪಾಳಿ, ಚಿವಡಾ, ಬೇಸನ್ ಲಾಡು. ಆದರೆ ಆ ಹೆಸರು ನಾಲ್ಕು ಓಣಿ ದಾಟಿರಲಿಲ್ಲ. ದಾಟಿಸಿದವಳು ಉಜ್ವಲಾ. ಕಂಪ್ಯೂಟರ್ ಡಿಪ್ಲೊಮಾ ಮಾಡಿಕೊಂಡು ಸೊಸೆಯಾಗಿ ಬಂದವಳು, ಮಗಳು ಜೂಯಿ ಬಾಲವಾಡಿಗೆ ಹೋಗತೊಡಗಿದ ಮೇಲೆ ಕೂತು ಮನೆಗೊಂದು ವೆಬ್‌ಸೈಟು ಕಟ್ಟಿದಳು. ಮೊದಲ ವರ್ಷ ಪುಣೆ, ಮುಂಬಯಿ. ಆಮೇಲೆ ಭುದರಗಡದ ಗುಡ್ಡದ ಹಳ್ಳಿಗಳು. ಆ ಹಳ್ಳಿಗಳಲ್ಲಿ ಮನೆಗೊಬ್ಬ ಗಂಡಸು ಸೈನ್ಯದಲ್ಲಿ ಇರುತ್ತಾನೆ. ಅವರ ಹೆಂಡಂದಿರು ದಸರೆ ಮುಗಿದ ಹತ್ತು ದಿನದೊಳಗೆ ಸೈಟಿನಲ್ಲಿ ಫರಾಳದ ಡಬ್ಬಿ ಹೇಳಿಬಿಡಬೇಕು, ಇಲ್ಲದಿದ್ದರೆ ಹಬ್ಬದೊಳಗೆ ಹಿಮದ ಗಡಿಗೆ ಮುಟ್ಟುವುದಿಲ್ಲ. ಮನೆಯ ಅರ್ಧ ವ್ಯಾಪಾರ ಅವರದೇ.

ಆ ಗುಡ್ಡದಲ್ಲಿ ಸಿಗ್ನಲ್ಲು ಬರುವುದೆಂದರೆ ನೆಂಟರು ಬಂದ ಹಾಗೆ, ಬಂದರೆ ಬಂತು. ಅದಕ್ಕೇ ಉಜ್ವಲಾ ಮನೆಯ ಹಳೆಯ ಒಡಕು ಗಾಜಿನ ಫೋನೊಂದನ್ನು ಇಟ್ಟುಕೊಂಡಿದ್ದಳು. ಸೈಟಿನಲ್ಲಿ ಏನು ಬದಲಿಸಿದರೂ ಅದನ್ನು ತೆಗೆದುಕೊಂಡು ಗಚ್ಚಿನ ಮೇಲೆ ಹತ್ತಿ, ನೀರಿನ ಟಾಕಿಯ ಹಿಂದೆ, ಸಿಗ್ನಲ್ಲು ಸಾಯುವ ಮೂಲೆಯಲ್ಲಿ ಕೂತು ತೆರೆದು ನೋಡುತ್ತಿದ್ದಳು. ಅಲ್ಲಿ ಡಬ್ಬಿ ಹೇಳಲು ಬಂದರೆ ಮಾತ್ರ ಕೆಲಸ ಮುಗಿದಂತೆ. ಬಾರದಿದ್ದರೆ ಮತ್ತೆ ಕೆಳಗಿಳಿದು ಚಿತ್ರಗಳನ್ನು ಹಿಂಡಿ ಹಗುರ ಮಾಡಬೇಕು, ಚೆಂದಕ್ಕೆಂದು ಹಾಕಿದ್ದನ್ನೆಲ್ಲ ಕಿತ್ತೊಗೆಯಬೇಕು. ಹಾಗೆ ಕಿತ್ತು ಕಿತ್ತು ಅವಳ ಸೈಟು ನೋಡಲು ಬಡ ವಿಧವೆಯ ಹಾಗೆ ಇತ್ತು, ನಿಜ. ಆದರೆ ಎಂಥ ಡಕೋಟಾ ಫೋನಿನಲ್ಲೂ ಕರೆದರೆ ಓಗೊಡುತ್ತಿತ್ತು.

ರಣಧೀರ ಗಣಪತಿಗೆಂದು ಪುಣೆಯಿಂದ ಬಂದವನು ವಾಪಸು ಹೋಗಲಿಲ್ಲ. ಅವನ ಕಂಪನಿಯಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ್ದರು. ಅವನು ಮಾತ್ರ "ರಾಜೀನಾಮೆ ಒಗದ ಬಂದೇನಿ" ಎಂದ. ಉಜ್ವಲಾ ಮದುವೆಯಾಗಿ ಬಂದಾಗ ಅವನು ಒಂಬತ್ತು ವರ್ಷದ ಹುಡುಗ. ಉಜ್ವಲಾಳೇ ಡಬ್ಬಿ ಕಟ್ಟಿ ಶಾಲೆಗೆ ಕಳಿಸಿದವಳು. ಈಗ ಅದೇ ಹುಡುಗ ಊಟದ ತಾಟಿನ ಮುಂದೆ ಕೂತು, ಎಐಗೆ ಬಾಯಲ್ಲಿ ಹೇಳಿ ಹೇಳಿ ನಾಲ್ಕು ದಿನದಲ್ಲಿ ಹೊಸ ಸೈಟು ಮಾಡಿದೆನೆಂದು ತೋರಿಸಿದ.

"ಒಂದ ಸಾಲೂ ನಾ ಬರದಿಲ್ಲ ದಾದಾ! ಹಿಂಗ ಬೇಕು ಅಂದ್ನಿ, ಮಾಡ್ತು. ವಹಿನಿ ಹನ್ನೊಂದ ವರ್ಷ ಮಾಡಿದ್ದು ನಾಕ ದಿನದಾಗ! ನೋಡ್ರಿ, ವೇಗದ ಮಾರ್ಕ್ಸು. ನೂರಕ್ಕ ನೂರು."

ಸೈಟಿನ ಸ್ಪೀಡು ಅಳೆದು ಮಾರ್ಕು ಕೊಡುವ ಯಂತ್ರವೊಂದು ಇದೆ. ಅದು ಹಸಿರು ಅಕ್ಷರದಲ್ಲಿ ನೂರು ಎಂದು ತೋರಿಸುತ್ತಿತ್ತು. ಉಜ್ವಲಾಳ ಸೈಟಿಗೆ ಅದು ಎಂದೂ ತೊಂಬತ್ತರ ಮೇಲೆ ಕೊಟ್ಟಿರಲಿಲ್ಲ.

ಹೌಸಾಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು. ಮೊದಲ ಪುಟದಲ್ಲಿ ಜರಿ ಅಂಚಿನ ಹಸಿರು ನವವಾರಿ ಸೀರೆ ಉಟ್ಟು, ಹಲ್ಲೆಲ್ಲ ಕಾಣುವಂತೆ ನಗುತ್ತ, ಒಬ್ಬ ಅಜ್ಜಿ ಲಾಡು ಕಟ್ಟುತ್ತಿದ್ದಳು.

"ಈ ಮುದುಕಿ ಯಾರೋ?"

"ಯಾರೂ ಅಲ್ಲ ಆಯಿ. ಎಐ ಮಾಡಿದ್ದು."

"ಮತ್ತ ನನ್ನ ಫೋಟೋ?"

"ನಿನ್ನ ಫೋಟೋದಾಗ ನೀ ಸಿಟ್ಟಾದಂಗ ಕಾಣ್ತೀದಿ. ಇಕಿ ನೋಡು, ಹೆಂಗ ನಗ್ತಾಳ."

"ಬೇಸನ್ ಹುರಿಯೂ ಮುಂದ ಯಾವಾಕಿ ನಗ್ತಾಳ?" ಎಂದು ಹೌಸಾಬಾಯಿ ಗೊಣಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಯಾಜಿ ತಾಟಿನಲ್ಲಿ ಕೈ ತೊಳೆದು ತೀರ್ಪು ಕೊಟ್ಟ:

"ಇನ್ನಮ್ಯಾಲ ವೆಬ್‌ಸೈಟು ರಣಧೀರ ನೋಡ್ಕೋತಾನ. ಉಜ್ವಲಾ, ನೀ ಆರಾಮ ಇರು. ಆಯಿಯ ಮೊಣಕಾಲ ನೋಡೀದೆಲ್ಲ, ಬಾಣಲಿ ಮುಂದ ನೀ ಕೂಡು."

ಆರಾಮ! ಎಣ್ಣೆಯ ಹೊಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರುವುದಕ್ಕೆ ಆ ಮನೆಯಲ್ಲಿ ಇಟ್ಟ ಹೆಸರು ಆರಾಮ. ದಿನಕ್ಕೆ ಅರ್ಧ ಹೊತ್ತಾದರೂ ತನ್ನ ತಲೆಯಿಂದ ದುಡಿಯುತ್ತಿದ್ದ ಹೆಂಗಸು ಇನ್ನು ಬರೀ ಕೈ. ಈಗ ಬಿಟ್ಟರೆ ಜನ್ಮದಲ್ಲಿ ಆ ಕುರ್ಚಿ ತನಗೆ ಸಿಗುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಖಾಂಡೇನವಮಿಯ ಸಂಜೆ ಅವಳು ಒಡಕು ಫೋನು ಹಿಡಿದು ಗಚ್ಚಿಗೆ ಹತ್ತಿದಳು. ಟಾಕಿಯ ಹಿಂದೆ ಕೂತು ಹೊಸ ಸೈಟು ತೆರೆದಳು. ತೆರೆಯಿತು, ಅಜ್ಜಿ ಹಲ್ಲು ಕಿರಿದಳು. ಡಬ್ಬಿ ಹೇಳುವ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಬಟ್ಟೆ ತೆಗೆಯಲು ಬಂದ ಜೂಯಿ ತಂತಿಯ ಮೇಲಿನದನ್ನೆಲ್ಲ ಮಡಚಿ ಮುಗಿಸಿದರೂ ಗುಂಡಿ ಜಪ್ಪಯ್ಯ ಅನ್ನಲಿಲ್ಲ.

"ಏನ ಮಾಡಾಕತ್ತಿ ಮಮ್ಮಿ?"

"ನಿನ್ನ ಕಾಕಾನ ನೂರ ಮಾರ್ಕ್ಸ್ ನೋಡಾಕತ್ತೇನಿ."

ಕೆಳಗಿಳಿದು ಮಂಚದ ಕೆಳಗಿನಿಂದ ತನ್ನ ಲ್ಯಾಪ್‌ಟಾಪು ಎಳೆದುಕೊಂಡಳು. ಮನೆಯ ಪಾಸ್‌ವರ್ಡು ಇನ್ನೂ ಬದಲಾಗಿರಲಿಲ್ಲ. ಹೊಸ ಸೈಟಿನ ಒಳಗನ್ನು ತೆರೆದು ಸಾಲು ಸಾಲಾಗಿ ಓದುತ್ತ ಹೋದಳು. ಓದುತ್ತ ಓದುತ್ತ ಅವಳಿಗೆ ನಗು ಬಂತು. ರಣಧೀರ ಎಐಗೆ "ಏನಾರ ಮಾಡು, ನೂರು ಬರಬೇಕು" ಎಂದು ಹೇಳಿದ್ದನೆಂದು ಕಾಣುತ್ತದೆ. ಅದು ಪ್ರಾಮಾಣಿಕ ಆಳಿನಂತೆ ಹೇಳಿದ್ದನ್ನು ಮಾಡಿತ್ತು. ಅಳೆಯುವ ಯಂತ್ರ ಬಂದರೆ ಗುರುತು ಹಿಡಿದು ಅದಕ್ಕೊಂದು ಹಗುರ ಪುಟ. ಗಿರಾಕಿ ಬಂದರೆ ಎಲ್ಲ ಆಭರಣ ಹೇರಿಕೊಂಡ ಭಾರದ ಪುಟ. ಅದರ ಮೇಲೆ ಒಂದು ಟಿಪ್ಪಣಿಯನ್ನೂ ಬರೆದಿಟ್ಟಿತ್ತು: ಇದರಿಂದ ಮಾರ್ಕು ಏರುತ್ತದೆ, ಗಿರಾಕಿಗೆ ವೇಗ ಏರುವುದಿಲ್ಲ. ತಾನು ಕೇಳಿ ಪಡೆದದ್ದನ್ನು ಓದುವ ಸಂಯಮವೂ ರಣಧೀರನಿಗೆ ಇರಲಿಲ್ಲ.

ಅವಳು ಒಂದು ಸಲ ಹೇಳಿದಳು. ಅದನ್ನು ಮರೆಯಬಾರದು, ಒಂದು ಸಲ ಬಾಯಿ ಬಿಟ್ಟು ಹೇಳಿದಳು. ಅಂದೇ ಊಟಕ್ಕೆ ಪಿಠಲಾ, ಭಾಕರಿ, ಮೆಣಸಿನಕಾಯಿ ಠೇಚಾ.

"ಭಾವೂಜಿ, ಸಿಗ್ನಲ್ ಕಮ್ಮಿ ಇದ್ದಲ್ಲೆ ಗುಂಡಿ ಒತ್ತಾಕ ಬರೂದಿಲ್ಲ. ಭುದರಗಡದವರು ಡಬ್ಬಿ ಹೆಂಗ ಹೇಳಬೇಕು? ಆ ಮಾರ್ಕ್ಸ್ ಸುಳ್ಳು."

ರಣಧೀರ ಭಾಕರಿ ಮುರಿಯುವುದನ್ನು ನಿಲ್ಲಿಸಿದ. "ಯಾವ ಫೋನಿನ್ಯಾಗ ನೋಡಿದ್ರಿ? ಆ ಒಡಕ ಫೋನಾ? ವಹಿನಿ, ಅದು ಫೋನಲ್ಲ, ಪೇಪರ್ ಹಾರಬಾರದು ಅಂತ ಇಡೂ ಕಲ್ಲು."

"ಗುಡ್ಡದಾಗಿನ ಹೆಣ್ಣಮಕ್ಕಳ ಕೈಯಾಗೂ ಅಂಥಾ ಕಲ್ಲೇ ಅದಾವು."

"ನೋಡ್ರಿ, ಜಗತ್ತು ನೂರು ಅನ್ನತೈತಿ, ನೀವೊಬ್ಬರ ಅಲ್ಲ ಅಂತೀರಿ. ಸುಮ್ಮ ಯಾಕ ಹೊಟ್ಟಿಕಿಚ್ಚು?"

ಉಜ್ವಲಾ ಗಂಡನ ಕಡೆ ನೋಡಿದಳು. ಸಯಾಜಿ ತಾಟಿನಿಂದ ತಲೆ ಎತ್ತಲಿಲ್ಲ. "ಬಿಡ ಉಜ್ವಲಾ, ಅವಗ ಕಲಿಸಾಕ ಹೋಗಬ್ಯಾಡ. ಉಪ್ಪಿನಕಾಯಿ ಕೊಡಿಲ್ಲೆ."

ಅವಳು ಉಪ್ಪಿನಕಾಯಿ ಕೊಟ್ಟಳು. ಅಂದಿನಿಂದ ಆ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡಳು. ಹೊಟ್ಟೆಕಿಚ್ಚು ಅಂದನಲ್ಲ, ಕಿಚ್ಚು ಹೇಗಿರುತ್ತದೆ ಅಂತ ತೋರಿಸಿಯೇ ಬಿಡೋಣ ಎಂದುಕೊಂಡಳು.

ದಸರೆ ಕಳೆಯಿತು. ಹಿಟ್ಟು ಬೀಸಿಬಂತು, ಎಣ್ಣೆಯ ಡಬ್ಬಗಳು ಬಂದು ಪಡಸಾಲೆ ತುಂಬಿದವು. ಡಬ್ಬಿ ಹೇಳುವವರು ಮಾತ್ರ ಬರಲಿಲ್ಲ. ಪುಣೆಯವರು ಕೆಲವರು ಹೇಳಿದರು. ಗುಡ್ಡದಿಂದ ಒಬ್ಬರೂ ಇಲ್ಲ.

"ಮಾನೇವಾಡಿಯವರು ಈ ಸಲ ಯಾಕ ಸುಮ್ಮನದಾರೋ?" ಎಂದು ಹೌಸಾಬಾಯಿ ದಿನವೂ ಕೇಳುತ್ತಿದ್ದಳು. "ನನ್ನ ಶಂಕರಪಾಳಿ ಬಿಟ್ಟು ಯಾರದು ತಿಂತಾರ?"

"ಮಾರ್ಕೆಟ್ ಡೌನ್ ಐತಿ ಆಯಿ," ಎನ್ನುತ್ತಿದ್ದ ರಣಧೀರ.

ಮಾನೇವಾಡಿಯ ಸಾರಿಕಾ ಮಾನೆ ಉಜ್ವಲಾಳ ಫೋನಿಗೇ ಕರೆ ಮಾಡಿದಳು. ಅವಳ ಗಂಡ ಲಡಾಖದಲ್ಲಿ.

"ತಾಯಿ, ನಿಮ್ಮ ಸೈಟಿಗೆ ಏನ ರೋಗ ಬಂದೈತಿ? ಮೂರ ದಿನ ಒತ್ತಿ ಒತ್ತಿ ಬೆರಳ ಸವದಾವು. ಚಾಟಿನ್ಯಾಗ ಕೇಳಿದ್ರ, 'ತಮ್ಮ ಸಹನೆಗೆ ಧನ್ಯವಾದ' ಅಂತ ಬರತೈತಿ. ನನಗೆಲ್ಲೈತಿ ಸಹನೆ? ಡಬ್ಬಿ ಹಬ್ಬಕ್ಕ ಮುಟ್ಟಲಿಲ್ಲಂದ್ರ ನಮ್ಮವರು ಅಲ್ಲೆ ಚಪಾತಿ ತಿಂದ ದೀಪಾವಳಿ ಮಾಡಬೇಕು!"

"ನಿನ್ನ ಡಬ್ಬಿ ಹೋಗತೈತಿ ಸಾರಿಕಾ. ನನಗ ನಾಕ ದಿನ ಕೊಡು."

ಅವತ್ತೇ ಉಜ್ವಲಾಳ ಹಳೆಯ ಇಮೇಲಿಗೆ ಒಂದು ಸಂದೇಶ ಬಂತು. ಸೈಟಿನ ವಿಳಾಸದ ವಾಯಿದೆ ಮುಗಿಯುತ್ತಿದೆ, ನವೀಕರಿಸಿ ಎಂದು ಪ್ರತಿ ವರ್ಷವೂ ಬರುವ ಸಂದೇಶ. ಅದು ಬರುವುದು ಉಜ್ವಲಾ ಚೌಗುಲೆಗಲ್ಲ, ಕಾಂಚನ ತುಕಾರಾಮ ಭೋಸಲೆಗೆ.

ಅವಳ ತವರಿನ ಹೆಸರು ಕಾಂಚನ. ಮದುವೆಯ ದಿನ, ಆ ಕಡೆಯ ಎಲ್ಲ ಮದುಮಗಳಂದಿರ ಹಾಗೆ, ಅವಳ ಮುಂದೆಯೂ ತಟ್ಟೆಯಲ್ಲಿ ಅಕ್ಕಿ ಹರವಿ ಇಟ್ಟರು. ಸಯಾಜಿ ಉಂಗುರ ಹಿಡಿದು ಅದರಲ್ಲಿ ಅವಳ ಹೊಸ ಹೆಸರು ಬರೆದ. ಹೆಸರು ಆರಿಸಿದವಳು ಹೌಸಾಬಾಯಿ. ಮನೆಯಲ್ಲಿ ಆಗಲೇ ಕಾಂಚನ ಅಂತ ಹೌಸಾಬಾಯಿಯ ವಾರಗಿತ್ತಿಯೊಬ್ಬಳು ಇದ್ದಳು, ಅವರಿಬ್ಬರದೂ ಹಾವು ಮುಂಗುಸಿ. ಬೈದರೆ ಇಬ್ಬರೂ ತಿರುಗಿ ನೋಡಬಾರದು ಅಂತ ಸೊಸೆಯನ್ನು ಉಜ್ವಲಾ ಮಾಡಿದರು. ಮಂಟಪದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ ಅವಳ ಬ್ಯಾಂಕಿನ ಪಾಸ್‌ಬುಕ್ಕು ಹಳೆಯ ಹೆಸರಿನಲ್ಲೇ ಉಳಿದಿತ್ತು, ಸೈಟಿನ ವಿಳಾಸ ಕೊಳ್ಳುವಾಗ ಅದೇ ಹೆಸರು ಕೊಟ್ಟಿದ್ದಳು. ವಿಳಾಸ ಯಾರ ಹೆಸರಲ್ಲಿದೆ ಅಂತ ಈ ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅಧಿಕಾರ ಹಸ್ತಾಂತರವಾದಾಗಲೂ ರಣಧೀರ ಕೇಳಲಿಲ್ಲ.

ಪ್ರತಿ ವರ್ಷ ಅವಳು ಅವತ್ತೇ ನವೀಕರಿಸುತ್ತಿದ್ದಳು. ಈ ವರ್ಷ ಫೋನು ಮಗುಚಿಟ್ಟು ಚಕ್ಕುಲಿ ಒತ್ತಲು ಹೋದಳು.

ವಾಯಿದೆ ಮುಗಿದ ಬೆಳಿಗ್ಗೆ ಹಲ್ಲು ಕಿರಿಯುವ ಅಜ್ಜಿ ಮಾಯವಾದಳು. ಚೌಗುಲೆ ಫರಾಳ ಎಂದು ಹುಡುಕಿದರೆ ಬಿಳಿಯ ಪುಟ. ರಣಧೀರ ಮೊದಲು ಎಐಯನ್ನು ಬೈದ, ಆಮೇಲೆ ಸರ್ವರನ್ನು, ಆಮೇಲೆ ಅಣ್ಣನಿಗೆ ಕೇಳಿಸಬಾರದೆಂದು ಹಿತ್ತಲಿಗೆ ಹೋಗಿ ವಿಳಾಸದ ಕಂಪನಿಗೆ ಫೋನು ಮಾಡಿದ. ಹಿತ್ತಲಿಗೂ ಅಡುಗೆಮನೆಗೂ ನಡುವೆ ಒಂದು ಕಿಟಕಿ. ಒಳಗೆ ಹೌಸಾಬಾಯಿ ಕರಂಜಿಯ ಹೂರಣ ಕಲೆಸುತ್ತಿದ್ದಳು, ಉಜ್ವಲಾ ಬಾಣಲೆಯ ಮುಂದೆ ಇದ್ದಳು.

"ನಾ ಮಾಲಕ ಅಲ್ಲಂದ್ರ ಮತ್ತ ಯಾರ್ರಿ ಮಾಲಕ?... ಏನಂದ್ರಿ? ಕಾಂಚನ ಭೋಸಲೆ?... ಇಲ್ರಿ ಮೇಡಂ, ಕಾಂಚನ ಅಂತ ನಮ್ಮ ಕಾಕು ಒಬ್ಬಾಕಿ ಇದ್ಲು, ಸತ್ತು ಎಷ್ಟೋ ವರ್ಷಾತು. ಭೋಸಲೆ ಅಲ್ಲ ಆಕಿ... ನಾ ಖಾತ್ರಿ ಹೇಳ್ತೇನ್ರಿ, ಆ ಹೆಸರಿನವರು ನಮ್ಮ ಮನ್ಯಾಗ ಯಾರೂ ಇಲ್ಲ!"

ಹೌಸಾಬಾಯಿಯ ಕೈ ಹೂರಣದಲ್ಲೇ ನಿಂತಿತು. ಅವಳು ನಿಧಾನಕ್ಕೆ ಸೊಸೆಯ ಕಡೆ ತಿರುಗಿದಳು. ಉಜ್ವಲಾ ಜಾಲಿಯಿಂದ ಚಕ್ಕುಲಿ ಎತ್ತಿ ಎಣ್ಣೆ ಸೋಸಿದಳು, ಕಣ್ಣು ತಪ್ಪಿಸಲಿಲ್ಲ.

"ಎಣ್ಣಿ ಭಾಳ ಕಾದೈತಿ," ಎಂದಳು ಹೌಸಾಬಾಯಿ.

"ಕಾಯಬೇಕ ಆಯಿ. ಇಲ್ಲಂದ್ರ ಚಕ್ಲಿ ಎಣ್ಣಿ ಕುಡೀತಾವು."

"ಮನಿ ಸುಡಬಾರದು."

"ಮನಿ ಸುಡೂದಿಲ್ಲ. ನಿಮ್ಮ ಒಂದ ಲಾಡೂ ಉಳಿಯೂದಿಲ್ಲ. ಅದು ನನ್ನ ಮಾತು."

ಹೌಸಾಬಾಯಿ ಮತ್ತೆ ಹೂರಣಕ್ಕೆ ಕೈ ಹಾಕಿದಳು. ಹೂರಣಕ್ಕೇ ಹೇಳುವವಳ ಹಾಗೆ ಹೇಳಿದಳು: "ನನಗ ಏನೂ ಕೇಳಿಸಿಲ್ಲ. ಆ ಹಲ್ಲಮುದುಕಿ ಮಾತ್ರ ನನ್ನ ಸೈಟಿನ್ಯಾಗ ಮತ್ತ ಕಾಣಬಾರದು."

ಸಂಜೆಯೊಳಗೆ ವಿಳಾಸದ ಕಂಪನಿಯ ಮೂಲಕ ಕಾಂಚನ ಭೋಸಲೆಗೆ ಒಂದು ಇಮೇಲು ಬಂತು. ರಣಧೀರ ಬರೆಸಿದ್ದು, ಎಐ ಬರೆದ ಭಾಷೆ ಜೇನು ಸುರಿದಂತಿತ್ತು. ಗೌರವಾನ್ವಿತ ಮಹೋದಯೆ, ತಮ್ಮ ಅಮೂಲ್ಯ ಸಹಕಾರ, ತಾವು ಕೇಳಿದ ಬೆಲೆ. ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಗಂಡಸೊಬ್ಬ ತನ್ನನ್ನು ಗೌರವಾನ್ವಿತ ಎಂದದ್ದು ಇದೇ ಮೊದಲೆಂದು ಉಜ್ವಲಾ ಅದನ್ನು ಎರಡು ಸಲ ಓದಿದಳು. ಅದೇ ಹೊತ್ತಿಗೆ ಹೊರಗಿನಿಂದ ಅದೇ ಗಂಡಸು ಕೂಗಿದ: "ವಹಿನಿ, ಚಾ ಎಲ್ಲಿ? ಆಗಲೇ ಹೇಳೇನಿ!"

ಅವಳು ಚಹಾ ಕೊಟ್ಟು ಬಂದು ಉತ್ತರ ಬರೆದಳು. ಬೆಲೆ ಬೇಡ. ಒಂದು ಷರತ್ತು ಇದೆ. ನೀವು ಖುದ್ದು ಮಾನೇವಾಡಿಗೆ ಹೋಗಿ, ಅಲ್ಲಿಯ ಸಾರಿಕಾ ಮಾನೆಯವರ ಫೋನಿನಿಂದ, ನೀವು ಮಾಡಿದ ಸೈಟಿನಲ್ಲಿ ಒಂದು ಡಬ್ಬಿ ಹೇಳಿ ತೋರಿಸಿ. ವಿಳಾಸ ಇಲ್ಲದಿದ್ದರೂ ಸರ್ವರಿನ ಅಂಕಿಯಿಂದ ಸೈಟು ತೆರೆಯುತ್ತದೆ, ನಿಮಗೆ ಗೊತ್ತಿರಬೇಕು. ಡಬ್ಬಿ ಹೇಳಲು ಬಂದರೆ ವಿಳಾಸ ನಿಮ್ಮದು.

ಮರುದಿನ ರಣಧೀರ "ಗೆಳೆಯನ ಮನಿಗೆ" ಎಂದು ಹೇಳಿ ಗಾರಗೋಟಿಯ ಬಸ್ಸು ಹತ್ತಿದ. ಸಾರಿಕಾಳಿಗೆ ಉಜ್ವಲಾ ಮೊದಲೇ ಫೋನು ಮಾಡಿ ಹೇಳಿದ್ದಳು: ಬಂದವನಿಗೆ ಚಹಾ ಕೊಡು, ಫೋನು ಕೊಡು, ಉಪಾಯ ಮಾತ್ರ ಹೇಳಿಕೊಡಬೇಡ.

ಅವನು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಮುಖ ಬಿಸಿಲಿಗೆ ಬೆಂದು ಬದನೆಕಾಯಿ ಆಗಿತ್ತು, ಪ್ಯಾಂಟಿಗೆ ಮೊಣಕಾಲಿನವರೆಗೆ ಕೆಮ್ಮಣ್ಣು. ತಾಟಿನ ಮುಂದೆ ಕೂತು ತುತ್ತು ಎತ್ತಲಿಲ್ಲ.

"ಎಂಥಾ ಗೆಳೆಯನ ಮನೀಗೆ ಹೋಗಿದ್ದಿ, ಗುಡ್ಡ ಹತ್ತಿದಂಗ ಕಾಣ್ತಿ?" ಎಂದ ಸಯಾಜಿ.

"ಹತ್ತಿದ್ನಿ," ಎಂದ ರಣಧೀರ. "ಸಿಗ್ನಲ್ ಸಲುವಾಗಿ ದೇವಸ್ಥಾನದ ಕಟ್ಟಿ ಹತ್ತಿದ್ನಿ, ಹಲಸಿನ ಗಿಡ ಹತ್ತಿದ್ನಿ. ಊರ ಹೆಣ್ಣಮಕ್ಕಳೆಲ್ಲಾ ಬಂದು ನಿಂತ ನಗಾಕತ್ತಿದ್ರು. ಒಬ್ಬಾಕಿ ಮುದುಕಿ, 'ಮಂಗ್ಯಾ ಆಗೂಮಟ ಕೆಲಸ ಮಾಡಬ್ಯಾಡೋ ಮಗಾ' ಅಂದ್ಲು."

ಜೂಯಿ ನಕ್ಕು ನೀರು ಉಗುಳಿದಳು. ಉಜ್ವಲಾ ಮುಖ ಬಿಗಿಹಿಡಿದು ಮೈದುನನ ತಾಟಿಗೆ ಇನ್ನಷ್ಟು ಆಮಟಿ ಬಡಿಸಿದಳು. ಒಳಗೆ ಅವಳಿಗೆ ಹಬ್ಬ ಆಗಲೇ ಬಂದಿತ್ತು.

"ಡಬ್ಬಿ ಏನಾತು ಭಾವೂಜಿ?"

ರಣಧೀರ ಚಕ್ಕನೆ ಮುಖ ಎತ್ತಿದ. "ಯಾವ ಡಬ್ಬಿ?"

"ಊಟದ ಡಬ್ಬಿ. ಕಟ್ಟಿಸಿಕೊಂಡ ಹೋಗಿದ್ರೆಲ್ಲ, ಬಿಚ್ಚೇ ಇಲ್ಲ."

ಅವನು ತಲೆ ತಗ್ಗಿಸಿ ಕೈ ತೊಳೆದುಕೊಂಡ. ಆಗ ಬಾಯಿ ಬಿಟ್ಟು, ವಹಿನಿ, ನೀವು ಹೇಳಿದ್ದು ಖರೆ ಇತ್ತು ಎಂದು ಒಂದು ಮಾತು ಹೇಳಿದ್ದರೆ ಅವಳು ಅಲ್ಲಿಗೇ ಬಿಡುತ್ತಿದ್ದಳೋ ಏನೋ. ಅವನು ಎದ್ದು ಹೋದ.

ಇಷ್ಟರೊಳಗೆ ಉಜ್ವಲಾ ಕಾಂಚನ ಫರಾಳ ಎಂದು ಹೊಸ ವಿಳಾಸವೊಂದನ್ನು ಕೊಂಡಾಗಿತ್ತು. ಹಳೆಯ ಸೈಟನ್ನು ಅಲ್ಲಿಗೆ ಸಾಗಿಸಬೇಕು; ಒಬ್ಬಳೇ ಮಾಡಿದರೆ ವಾರದ ಕೆಲಸ. ಅವಳೂ ಅದೇ ಎಐಯನ್ನು ಕೆಲಸಕ್ಕೆ ಕರೆದಳು. ಆದರೆ ಅವಳು ಕೇಳಿದ್ದು ನೂರು ಮಾರ್ಕಲ್ಲ. ಟಾಕಿಯ ಹಿಂದಿನ ಒಡಕು ಫೋನಿನಲ್ಲಿ ಗುಂಡಿ ಒತ್ತಲು ಬರಬೇಕು, ಸಿಗ್ನಲ್ಲು ನಡುವೆ ಸತ್ತರೂ ಬರೆದದ್ದು ಅಳಿಯಬಾರದು, ಮತ್ತೆ ಬಂದೊಡನೆ ತಾನೇ ಹೋಗಬೇಕು ಎಂದಳು. ಅದು ಬರೆದ ಪ್ರತಿ ಸಾಲನ್ನೂ ಓದಿದಳು, ಬೇಡದ್ದನ್ನು ವಾಪಸು ಕಳಿಸಿದಳು, ನಾಲ್ಕು ಸಲ ಗಚ್ಚು ಹತ್ತಿ ಇಳಿದಳು. ಒಂದು ಮಧ್ಯಾಹ್ನದಲ್ಲಿ ಸೈಟು ಎದ್ದು ನಿಂತಿತು. ಮೊದಲಿಗಿಂತ ಹಗುರ. ಮುದುಕಿಯ ಜಾಗದಲ್ಲಿ ಹೌಸಾಬಾಯಿ, ಬೇಸನ್ ಹುರಿಯುತ್ತ, ಲೋಕದ ಮೇಲೆಲ್ಲ ಸಿಟ್ಟಾದವಳ ಹಾಗೆ. ಅಷ್ಟು ಬೇಗ ಆಯಿತಲ್ಲ ಎಂದು ಅವಳಿಗೇ ಕೊಂಚ ಹೆದರಿಕೆಯಾಯಿತು. ತಪ್ಪು ಈ ಆಳಿನದಲ್ಲ, ಕೆಲಸ ಹೇಳಿದವನದು ಎಂದು ಒಪ್ಪಿಕೊಂಡಳು.

ಸಾರಿಕಾಳಿಗೆ ಮೊದಲು ಕಳಿಸಿದಳು. ಸಾರಿಕಾ ಮಾನೇವಾಡಿಗೆಲ್ಲ ಹಂಚಿದಳು, ಮಾನೇವಾಡಿ ಪಕ್ಕದ ಹಳ್ಳಿಗಳಿಗೆ. ಎರಡು ದಿನದಲ್ಲಿ ಬಾಣಲೆಗೆ ಬಿಡುವು ಇಲ್ಲದಂತಾಯಿತು. ಹಣ ಮನೆಯ ಖಾತೆಗೇ ಬೀಳುವಂತೆ ಇಟ್ಟಳು, ಅವಳಿಗೆ ಬೇಕಾದದ್ದು ಹಣವಲ್ಲ.

ಸಯಾಜಿ ಟೆಂಪೋ ತುಂಬಿ ತುಂಬಿ ಪಾರ್ಸೆಲ್ ಆಫೀಸಿಗೆ ಒಯ್ದ. ಒಂದು ಸಂಜೆ ತಮ್ಮನ ಬೆನ್ನು ಚಪ್ಪರಿಸಿದ. "ಶಾಬ್ಬಾಸ್! ಶುರುವಾತಿನ್ಯಾಗ ಜರಾ ತಡಾ ಆದ್ರೂ ನಿನ್ನ ಸೈಟು ಎಲ್ಲಾರನ್ನೂ ಎಳಕೊಂಡ ಬಂತು ನೋಡು. ಇಂಥಾ ಸೀಜನ್ ನಾ ನೋಡೇ ಇಲ್ಲ."

ರಣಧೀರ ಕಕ್ಕಾಬಿಕ್ಕಿಯಾದ. ಅವನ ಸೈಟು ಸತ್ತು ಬಿದ್ದಿತ್ತು, ಅದು ತನ್ನೊಬ್ಬನಿಗೇ ಗೊತ್ತು ಎಂದುಕೊಂಡಿದ್ದ. ಒಮ್ಮೆ ಅಡುಗೆಮನೆಗೆ ಬಂದು, "ಇವೆಲ್ಲಾ ಎಲ್ಲಿಂದ ಬರಾಕತ್ತಾವು ವಹಿನಿ?" ಎಂದಿದ್ದ. "ಹಳೇ ಗಿರಾಕಿಗಳು ಫೋನ್ ಮಾಡ್ತಾರ," ಎಂದಿದ್ದಳು. ಈಗ ಅಣ್ಣನ ಮುಂದೆ ಖರೆ ಹೇಳಲು ಅವನಿಗೆ ಅವಕಾಶವಿತ್ತು. ಅವನು ಹಿಂದೆ ಮುಂದೆ ನೋಡಿ, "ಎಐ ಅಂದ್ರ ಹಂಗ ದಾದಾ," ಎಂದ.

ಬಾಗಿಲ ಮರೆಯಲ್ಲಿ ಡಬ್ಬಿಗೆ ಟೇಪು ಸುತ್ತುತ್ತಿದ್ದ ಉಜ್ವಲಾ ಟೇಪನ್ನು ಹಲ್ಲಿನಿಂದ ಕಡಿದಳು. ಅಲ್ಲಿಯವರೆಗೆ ಹಳೆಯ ವಿಳಾಸವನ್ನು ಕೊನೆಗೆ ಉಳಿಸಿಕೊಳ್ಳುವ ಮನಸ್ಸು ಅವಳಿಗಿತ್ತು. ಕಂಪನಿ ಮಾಲಕರಿಗೆಂದು ಇನ್ನೂ ಕೆಲವು ದಿನ ಕೊಟ್ಟಿತ್ತು. ಆ ಕ್ಷಣದಲ್ಲಿ ಆ ಮನಸ್ಸು ಸತ್ತಿತು.

ದೀಪಾವಳಿ ಪಾಡವೆಯ ಬೆಳಿಗ್ಗೆ ಅಭ್ಯಂಗ ಮುಗಿದು ಎಲ್ಲರೂ ಹೊಸ ಬಟ್ಟೆ ಉಟ್ಟಿದ್ದರು. ಅಂದು ಹೆಂಡತಿ ಗಂಡನಿಗೆ ಆರತಿ ಬೆಳಗಬೇಕು, ಗಂಡ ತಟ್ಟೆಯಲ್ಲಿ ಉಡುಗೊರೆ ಹಾಕಬೇಕು. ಸಯಾಜಿ ಮಣೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು ಕೂತಿದ್ದ. ವ್ಯಾಪಾರ ಚೆನ್ನಾಗಿ ಆದದ್ದರಿಂದ ಅವನ ಮುಖದ ಮೇಲೆ ಧಾರಾಳ ಇತ್ತು.

"ಈ ಸಲ ಏನ ಬೇಕೋ ಕೇಳ ಉಜ್ವಲಾ. ಬಳಿ? ಪೈಠಣಿ ಸೀರಿ?"

"ಕೊಡ್ತೀರಿ?"

"ಆಯಿ ಮುಂದ ಹೇಳಾಕತ್ತೇನಿ, ಕೊಡ್ತೇನಿ."

ಅವಳು ಆರತಿ ಕೆಳಗಿಟ್ಟಳು. ಒಳಗೆ ಹೋಗಿ ಹಿತ್ತಾಳೆಯ ತಟ್ಟೆಯಲ್ಲಿ ಅಕ್ಕಿ ಹರವಿಕೊಂಡು ಬಂದು ಅವನ ಮುಂದೆ ಇಟ್ಟಳು.

"ನನ್ನ ಹೆಸರು ಬರೀರಿ."

ಸಯಾಜಿ ನಕ್ಕ. "ಮತ್ತೊಂದ ಸಲ ಲಗ್ನ ಏನು?" ಉಂಗುರದ ಬೆರಳು ಅಕ್ಕಿಗೆ ಇಳಿಸಿ 'ಉ' ಎಂದು ಶುರು ಮಾಡಿದ.

"ಅದಲ್ರೀ. ಅದಕ್ಕೂ ಮೊದಲಿಂದು."

ಅವನ ಬೆರಳು ನಿಂತಿತು. ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. ಹೌಸಾಬಾಯಿ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ, "ಬರಿಯೋ, ಮಾತ ಕೊಟ್ಟೀದಿ," ಎಂದಳು. ಸಯಾಜಿ ಅಕ್ಕಿಯನ್ನು ಅಂಗೈಯಿಂದ ಸಮ ಮಾಡಿ ನಿಧಾನಕ್ಕೆ ಬರೆದ. ಬರೆಯುವಾಗ ಅವನ ಕಿವಿ ಕೆಂಪಾದವು.

"ಭಾವೂಜಿ, ಇಲ್ಲೆ ಬರ್ರಿ," ಎಂದಳು ಉಜ್ವಲಾ. "ನಿಮ್ಮ ದಾದಾ ಏನ ಬರದಾರ, ಜೋರಾಗಿ ಓದ್ರಿ."

ರಣಧೀರ ಬಾಯಲ್ಲಿ ಕರಂಜಿ ಇಟ್ಟುಕೊಂಡೇ ಬಗ್ಗಿದ. "ಕಾಂ... ಚ..." ಅಲ್ಲಿಗೇ ಅವನ ದವಡೆ ನಿಂತಿತು.

"ಮುಂದ ಓದ್ರಿ. ಭೋಸಲೆ ಅಂತ ಬರದಿಲ್ಲ, ಅದನ್ನ ನೀವ ಸೇರಿಸ್ರಿ. ಆ ಹೆಸರಿನವರು ಈ ಮನ್ಯಾಗ ಯಾರೂ ಇಲ್ಲ ಅಂತ ಖಾತ್ರಿ ಹೇಳಿದ್ರೆಲ್ಲ ಫೋನಿನ್ಯಾಗ? ಗೌರವಾನ್ವಿತ ಮಹೋದಯೆ ಅಂದ್ರೆಲ್ಲ? ನಿಮ್ಮನ್ನ ಮಾನೇವಾಡಿಯ ಹಲಸಿನ ಗಿಡಾ ಹತ್ತಿಸಿದಾಕೀನ ನೋಡಬೇಕಿತ್ತೆಲ್ಲ? ನೋಡ್ರಿ. ನಿಮ್ಮ ಚಾ ಮಾಡಾಕಿನ ಆಕಿ."

"ಏನಿದು? ಏನ ನಡದೈತಿ?" ಎಂದ ಸಯಾಜಿ.

ಉಜ್ವಲಾ ಎಲ್ಲವನ್ನೂ ಹೇಳಿದಳು. ಬಿಳಿಯಾದ ಪುಟ, ಸುಳ್ಳು ಮಾರ್ಕು, ಟೆಂಪೋ ತುಂಬಿದ ಡಬ್ಬಿಗಳು ಯಾವ ಹೆಸರಿನಿಂದ ಬಂದವು, ಅದಕ್ಕೆ ಬೆನ್ನು ಚಪ್ಪರಿಸಿಕೊಂಡವರು ಯಾರು. ಹೇಳುವಾಗ ಅವಳ ಧ್ವನಿ ಏರಲಿಲ್ಲ. ಸಯಾಜಿ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನನಗರೆ ಹೇಳಬೇಕಿತ್ತು," ಎಂದ.

"ಹೇಳಿದ್ನಿ. ನೀವು ಉಪ್ಪಿನಕಾಯಿ ಕೇಳಿದ್ರಿ."

ರಣಧೀರ ಗೋಡೆಗೆ ಒರಗಿ ಕೂತುಬಿಟ್ಟಿದ್ದ.

"ತಪ್ಪಾತು ವಹಿನಿ. ಎಲ್ಲಾರ ಮುಂದ ಹೇಳ್ತೇನಿ, ತಪ್ಪಾತು. ನಾಳಿಂದ ಕುರ್ಚಿ ನಿಮ್ಮದು. ಚೌಗುಲೆ ಹೆಸರಿನ ವಿಳಾಸ ಒಂದ ತಿರುಗಿಸಿ ಕೊಡ್ರಿ. ನವೀಕರಿಸ್ರಿ."

"ಆಗೂದಿಲ್ಲ. ಕೊಟ್ಟ ವಾಯಿದೆ ನಿನ್ನೆ ಮುಗೀತು. ನಾ ಬಿಟ್ನಿ."

"ಬಿಟ್ಟಿರಿ?" ರಣಧೀರ ಎದ್ದು ನಿಂತ. "ಅಂದ್ರ... ಯಾರ ಬೇಕಾದ್ರೂ ತಗೋಬಹುದು?"

"ಯಾವನೋ ತಗೊಂಡೂ ಆತು. ಮುಂಜಾನೆ ನೋಡಿದ್ನಿ. ಚಪ್ಪಲಿ ಮಾರಾಕತ್ತಾನ."

ಹೌಸಾಬಾಯಿಯ ಮುಖವೂ ಕಪ್ಪಿಟ್ಟಿತು. ಇಷ್ಟು ದೂರ ಹೋಗುತ್ತಾಳೆಂದು ಅವಳೂ ಎಣಿಸಿರಲಿಲ್ಲ. ಬಾಯಿ ತೆರೆದಳು, ಅಕ್ಕಿಯ ತಟ್ಟೆ ನೋಡಿದಳು, ಮುಚ್ಚಿಕೊಂಡಳು.

ರಣಧೀರನ ಕಣ್ಣಲ್ಲಿ ನೀರು ಬಂದಿತ್ತು. "ವಹಿನಿ, ಅದು ನಮ್ಮ ಮನಿ ಹೆಸರು. ಹೆಸರ ಹೋದಮ್ಯಾಲ ಏನ ಉಳೀತು? ಹೆಸರ ಇಲ್ಲದ ಹೆಂಗ ಬದುಕೂದು?"

ಉಜ್ವಲಾ ತಟ್ಟೆಯನ್ನು ಅಲುಗಾಡದಂತೆ ಎರಡೂ ಕೈಯಿಂದ ಎತ್ತಿಕೊಂಡಳು.

"ಬದುಕಾಕ ಬರತೈತಿ ಭಾವೂಜಿ," ಎಂದಳು. "ಹತ್ತೊಂಬತ್ತ ವರ್ಷ ನಾ ಬದುಕೇನೆಲ್ಲ."